ಹದಿನಾಲ್ಕನೆಯ ಮೈಲಿಗಲ್ಲು

ಇಪ್ಪತ್ತೆಂಟು ವರ್ಷ ಆಂಬುಲೆನ್ಸ್ ಓಡಿಸಿದ ಅವನಿಗೆ ಆಸ್ಪತ್ರೆಯವರು ಇಟ್ಟ ಹೆಸರು ಬಿರುಗಾಳಿ. ಅಷ್ಟು ವರ್ಷವೂ ಅವನು ಕಂಡದ್ದು ಮುಂದಿನ ರಸ್ತೆಯನ್ನೇ ಹೊರತು, ಅಕ್ಕಪಕ್ಕ ಏನಿದೆ ಎಂದು ಕತ್ತು ತಿರುಗಿಸಿ ನೋಡಿದವನಲ್ಲ. ನಿವೃತ್ತಿಯಾಗಿ ಮೂರು ತಿಂಗಳು ಕುರ್ಚಿಗೆ ಅಂಟಿಕೊಂಡು ಕೂತ. ನಾಲ್ಕನೆಯ ತಿಂಗಳು, ಟೆಲಿಫೋನ್ ಆಪರೇಟರ್ ಆಗಿ ನಿವೃತ್ತಳಾಗಿದ್ದ ಅವನ ಅಕ್ಕ ಗ್ರಂಥಾಲಯದಿಂದ ಹಳೆಯ ನಕ್ಷೆಯೊಂದರ ಜೆರಾಕ್ಸ್ ತಂದು ಮುಂದೆ ಹರಡಿದಳು. ಹೆದ್ದಾರಿ ಬರುವ ಮೊದಲು ಟಪಾಲು ಗಾಡಿಗಳು ಓಡಾಡುತ್ತಿದ್ದ ಅರವತ್ತಮೂರು ಮೈಲಿಯ ದಾರಿ ಅದು. ಮೈಲಿಗೊಂದು ಕಲ್ಲು.

“ಅಷ್ಟೂ ಕಲ್ಲು ನೋಡ್ಕೊಂಡು ಬರೋಣ,” ಎಂದಳು.

“ಕಲ್ಲು ನೋಡೋಕೆ ಕಾರು ತಗೊಂಡು ಹೋಗ್ಬೇಕಾ?”

“ನಿನ್ನ ಮುಖ ನೋಡ್ಕೊಂಡು ಕೂರೋದಕ್ಕಿಂತ ವಾಸಿ.”

ಮೊದಲ ಭಾನುವಾರ ಹಳೇ ಚಾಳಿಯಂತೆ ಒಂದೇ ಉಸಿರಿಗೆ ಮೂರು ಕಲ್ಲು ದಾಟಿಹೋದ. “ಹಿಂದಿನ ಸೀಟಲ್ಲಿ ಯಾರೂ ಸಾಯ್ತಾ ಇಲ್ಲ, ನಿಧಾನ!” ಎಂದು ಅಕ್ಕ ಗದರಿಸಿದ ಮೇಲೆ ಎರಡನೇ ಗೇರಿಗೆ ಇಳಿದ. ಹಿಂದಿನವರು ಹಾರ್ನ್ ಹೊಡೆದರೆ, ಊರವರಿಂದೆಲ್ಲ ದಾರಿ ಬಿಡಿಸಿಕೊಳ್ಳುತ್ತಿದ್ದವನೇ ಪಕ್ಕಕ್ಕೆ ಸರಿಯುತ್ತಿದ್ದ.

ಒಂದು ಕಲ್ಲು ಪೆಟ್ರೋಲ್ ಬಂಕಿನ ಬೇಲಿಯೊಳಗಿತ್ತು. ಇನ್ನೊಂದು ಕತ್ತಿನವರೆಗೆ ಡಾಂಬರಿನಲ್ಲಿ ಹೂತಿತ್ತು. ಅವನು ಬ್ರಷ್ಷಿನಿಂದ ಉಜ್ಜಿ, ಅಂಕಿಯ ಮೇಲೆ ಸೀಮೆಸುಣ್ಣ ಆಡಿಸುವನು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಹದಿಮೂರರ ತನಕ ಸಲೀಸಾಯಿತು. ಹದಿನಾಲ್ಕು ಮಾತ್ರ ನಾಪತ್ತೆ. ಮೂರು ಭಾನುವಾರ ಪೊದೆಪೊದೆ ತಡಕಿದ ಮೇಲೆ ಸೈಕಲ್ ರಿಪೇರಿಯವನೊಬ್ಬ ಹೇಳಿದ: “ಆ ಹಂಚಿನ ಮನೆ ಹಿಂದೆ ಅಂಥದ್ದೊಂದಿದೆ. ಅದರ ಮೇಲೆ ಬಟ್ಟೆ ಒಗೀತಾರೆ.”

ಒದ್ದೆ ಕೈಯಲ್ಲೇ ಬಾಗಿಲು ತೆರೆದ ಗೃಹಿಣಿ ಇವರನ್ನು ಯಾವುದೋ ಕಚೇರಿಯವರೆಂದುಕೊಂಡಳು. “ನಮ್ಮನೇಲಿ ಕಲ್ಲೂ ಇಲ್ಲ, ಗಿಲ್ಲೂ ಇಲ್ಲ.”

ಅವನು ತೊದಲಿದ. ಅಕ್ಕ ಒಂದು ಲೋಟ ನೀರು ಕೇಳಿ ಮೆಟ್ಟಿಲ ಮೇಲೆ ಕೂತು ಮಂಡಿನೋವಿನ ಕಥೆ ತೆಗೆದಳು. ಲೋಟ ಖಾಲಿಯಾಗುವ ಹೊತ್ತಿಗೆ ಎಲ್ಲರೂ ಹಿತ್ತಲಿನಲ್ಲಿದ್ದರು. ಹಾರೆ ತಂದುಕೊಟ್ಟವಳು ಆ ಗೃಹಿಣಿಯೇ. ಮೀಟಿ, ಮಗುಚಿ, ಕೆಸರು ತೊಳೆದರು. ಅಂಕಿ ಕಾಣಿಸಿತು: ನಲವತ್ತೊಂದು.

“ಕೆತ್ತೋವಾಗ ತಿರುಗಾಮುರುಗಾ ಮಾಡಿರ್ಬೇಕು,” ಎಂದಳು ಅಕ್ಕ.

ಒಳಗೆ ಮಂಚದ ಮೇಲಿದ್ದ ಆ ಮನೆಯ ಅತ್ತೆ ಕೂಗಿ ಹೇಳಿದಳು: “ಅದು ಇಲ್ಲೀದಲ್ಲ. ನಮ್ಮ ಮಾವ ರಸ್ತೆಗೆ ಜಲ್ಲಿ ಒಡೀತಿದ್ರು. ಹೊಳೆ ಆಚೆಯಿಂದ ಗಾಡೀಲಿ ಹೇರ್ಕೊಂಡು ಬಂದಿದ್ದು.”

ಕಲ್ಲನ್ನು ಇದ್ದ ಹಾಗೇ ಕೂರಿಸಿ ಕಾರು ಹತ್ತಿದರು.

“ಹದಿನಾಲ್ಕು ಸಿಕ್ತು ಅಂತ ಬರೆದುಬಿಡ್ತೀನಿ. ಯಾರು ಬಂದು ನೋಡ್ತಾರೆ?” ಎಂದಳು ಅಕ್ಕ.

“ಬೇಡ. ಆಂಬುಲೆನ್ಸ್ ಪುಸ್ತಕದಲ್ಲಿ ಹೊರಟಿದ್ದೆಷ್ಟಕ್ಕೆ, ತಲುಪಿದ್ದೆಷ್ಟಕ್ಕೆ ಅಂತ ಪ್ರತಿ ಸಲ ಬರೆದಿದ್ದೀನಿ. ತಡವಾದಾಗ ತಡ ಅಂತಲೇ ಬರೆದಿದ್ದೀನಿ.”

ಅವನು ಕೆಲಸದ ಬಗ್ಗೆ ಬಾಯಿಬಿಟ್ಟಿದ್ದು ಅಪರೂಪ. ಅಕ್ಕ ನೋಟ್‌ಬುಕ್ ತೆರೆದು, ‘ಹದಿನಾಲ್ಕು: ಸಿಗಲಿಲ್ಲ. ನಲವತ್ತೊಂದು: ಸಿಕ್ಕಿತು, ಜಾಗದಲ್ಲಿಲ್ಲ’ ಎಂದು ಬರೆದಳು.

ಎಲ್ಲ ಮುಗಿಯಲು ಹದಿನೈದು ತಿಂಗಳು ಬೇಕಾಯಿತು. ಐವತ್ತೆರಡು ಕಲ್ಲು ಸಿಕ್ಕವು. ಕೊನೆಯ ಕಲ್ಲಿನ ಬಳಿ, ಟಪಾಲಿನ ಕುದುರೆ ಕಟ್ಟುತ್ತಿದ್ದ ಲಾಯ ಈಗ ಟೈರಿನ ಗೋದಾಮು. ಕಾವಲುಗಾರ ಟೈರುಗಳನ್ನು ಸರಿಸಿ ಗೋಡೆಯಲ್ಲಿದ್ದ ಕಬ್ಬಿಣದ ಬಳೆಗಳನ್ನು ತೋರಿಸಿದ.

“ಇಷ್ಟು ದೂರ ಇದಕ್ಕೇ ಬಂದ್ರಾ?”

“ಇದಕ್ಕೇ,” ಎಂದ ಬಿರುಗಾಳಿ. ಒಂದು ಬಳೆ ಹಿಡಿದು ಎಳೆದು ನೋಡಿದ. ಭದ್ರವಾಗಿತ್ತು.

ವಾಪಸು ಹೆದ್ದಾರಿಯಲ್ಲೇ ಬಂದರು. ಒಂದೂವರೆ ಗಂಟೆ ಹಿಡಿಯಿತು. ಅಕ್ಕ ದಾರಿಯುದ್ದಕ್ಕೂ ನಿದ್ದೆ ಹೊಡೆದಳು.