ಸೀರೆ ಬೇಡ, ಜೊತೆಗೆ ಉಣ್ಣಿ

"ಸೀರೆ ಬ್ಯಾಡ, ಪಕ್ಕದಲ್ಲಿ ಕೂತ್ಕಂಡು ಉಣ್ಣಿ ಅಂದ್ರೆ ಇವ್ರ ಕಿವಿಗೇ ಓಗಲ್ಲ ಕಣಕ್ಕ!"

ಅರಕಲಗೂಡಿನ ನನ್ನ ಟೈಲರ್ ಅಂಗಡಿಯಲ್ಲಿ ರವಿಕೆಯ ಅಳತೆ ಕೊಡುತ್ತಿದ್ದ ಹೆಣ್ಣುಮಗಳು ಇದ್ದಕ್ಕಿದ್ದಂತೆ ಹೀಗೆ ಸಿಡಿದಳು. ಪಕ್ಕದಲ್ಲಿದ್ದ ಗಂಡ, ತಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ಹಾಸನದಿಂದ ತಂದ ರೇಷ್ಮೆ ಸೀರೆಯನ್ನು ಬಿಡಿಸಿ ತೋರಿಸುತ್ತಾ ಬೀಗುತ್ತಿದ್ದ. ವರ್ಷಕ್ಕೊಂದು ಸೀರೆ ತಪ್ಪಿಸುವುದಿಲ್ಲವಂತೆ. ಆದರೆ ದಿನವೂ ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗಿ ಕೂರುತ್ತಾನಂತೆ. ಇವಳು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣಬೇಕು.

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಈಗಲಾದರೂ ಒಂದು ಒಳ್ಳೆಯ ಮಾತು ಆಡುತ್ತಾನೆಂದು ನಾನು ಕಾದೆ. ಮಹಾಶಯ ಕತ್ತು ಕೆರೆದುಕೊಂಡು, ಬಹಳ ಯೋಚಿಸಿ, "ಬಣ್ಣ ಇಷ್ಟ ಆಗ್ನಿಲ್ವಾ? ಬದಲಾಯ್ಸ್ಕಂಡು ಬರ್ಲಾ?" ಎಂದ.

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

ಸಂಜೆ ಮನೆಯಲ್ಲಿ ನನ್ನ ಗಂಡನಿಗೆ ಇದನ್ನು ಹೇಳಿಕೊಂಡು ಮತ್ತೊಮ್ಮೆ ನಕ್ಕೆ. ಅವರೂ ನಗಲಿಲ್ಲ. ಅಂಗಡಿಗೆ ಒಂದು ದಿನ ರಜೆ ಹಾಕು, ಇಬ್ಬರೂ ಶ್ರವಣಬೆಳಗೊಳಕ್ಕೆ ಹೋಗಿ ಬರೋಣ ಎಂದು ಅವರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಕೇಳಿದಾಗಲೆಲ್ಲ ನಾನೊಂದು ಹೊಸ ಶರ್ಟು ಹೊಲಿದುಕೊಟ್ಟು ಬಾಯಿ ಮುಚ್ಚಿಸಿದ್ದೇನೆ. ಅವರ ಬೀರುವಿನ ತುಂಬ ಶರ್ಟುಗಳಿವೆ. ಬೆಟ್ಟವನ್ನು ಮಾತ್ರ ನಾವಿಬ್ಬರೂ ಇನ್ನೂ ಹತ್ತಿಲ್ಲ.