ಹದಿನಾಲ್ಕನೇ ಗಾಜು

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ಬೆಳಕಿದೆ. ಒಳಗೆ ಎಲ್ಲರೂ ಸ್ಲೈಡಕ್ಕ ಎಂದು ಕರೆಯುವ ತಂತ್ರಜ್ಞೆ ಸ್ಲೈಡುಗಳನ್ನು, ಅಂದರೆ ಬೆರಳುದ್ದದ ಗಾಜಿನ ಪಟ್ಟಿಗಳನ್ನು, ಒಂದೊಂದಾಗಿ ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಪ್ರತಿ ಗಾಜಿನ ಮೇಲೂ ಯಾರದೋ ಮೈಯಿಂದ ಸೂಜಿಯಲ್ಲಿ ಹೀರಿದ ಒಂದು ತೊಟ್ಟು, ಬಣ್ಣ ಹಾಕಿ ಒಣಗಿಸಿದ್ದು. ಅದರ ಮೇಲೊಂದು ತೆಳು ಗಾಜಿನ ಮುಚ್ಚಳ. ಎಲ್ಲಾದರೂ ಇಂಕಿನ ಚುಕ್ಕಿ ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸುತ್ತಾರೆ.

"ಚುಕ್ಕಿ ಬಿಟ್ರೆ ಮುಗೀತು ಮೇಡಂ. ಎಲ್ಲಿ ನೋಡ್ಬೇಕು ಅಂತ ನಾವೇ ಬೆರಳು ಮಾಡಿ ತೋರಿಸಿದ ಹಾಗಾಯ್ತು. ಆಮೇಲೆ ಅದು ಪರೀಕ್ಷೆ ಹೇಗಾಗುತ್ತೆ?" ಎನ್ನುತ್ತಾರೆ ಪತ್ರಿಕೆಗೆ ಬರೆಯಲು ಬಂದ ನನಗೆ, ಮುಚ್ಚಿದ ಕಣ್ಣು ತೆರೆಯದೆ.

ಇವತ್ತು ಪರೀಕ್ಷೆ. ಬರೆಯುವ ಎಂಟು ಮಂದಿಯೂ ಆಗಲೇ ಡಾಕ್ಟರುಗಳೇ. ಜೀವಕೋಶ ನೋಡಿ ರೋಗ ಹೇಳುವ ವಿದ್ಯೆಯನ್ನು ಇಲ್ಲಿ ಮೂರು ವರ್ಷ ಕಲಿತಿದ್ದಾರೆ. ಇಪ್ಪತ್ತು ಸೂಕ್ಷ್ಮದರ್ಶಕ, ಇಪ್ಪತ್ತು ಗಾಜು, ಒಂದೊಂದಕ್ಕೆ ನಾಲ್ಕು ನಿಮಿಷ. ಗಂಟೆ ಬಾರಿಸಿದರೆ ಮುಂದಿನ ಮೇಜಿಗೆ ಹೋಗಬೇಕು. ಹದಿನಾರು ಸರಿಯಾದರೆ ತೇರ್ಗಡೆ. ಅಲ್ಲಿಂದಾಚೆ ವರದಿಯ ಕೆಳಗೆ ಅವರೊಬ್ಬರದೇ ಸಹಿ. ನಿಮ್ಮ ಕುತ್ತಿಗೆಯ ಗಂಟು, ನನ್ನ ಎದೆಯ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವವರು ಇವರೇ. ಇವರ ಕಣ್ಣನ್ನು ಒರೆಗೆ ಹಚ್ಚುವ ಇಪ್ಪತ್ತು ಗಾಜುಗಳನ್ನು ಆರಿಸಿ, ಒರೆಸಿ, ನಂಬರ್ ಅಂಟಿಸಿ ಪೆಟ್ಟಿಗೆ ಕಟ್ಟುವವರು ಸ್ಲೈಡಕ್ಕ. ಹತ್ತೊಂಬತ್ತು ವರ್ಷಗಳಿಂದ ಆ ಪೆಟ್ಟಿಗೆ ಇವರ ಕೈಯಲ್ಲೇ ಇದೆ. ಪರೀಕ್ಷೆಯ ಕಾಗದಪತ್ರಗಳಲ್ಲಿ ಮಾತ್ರ ಇವರ ಹೆಸರು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗುವುದಿಲ್ಲ.

ಸ್ಲೈಡಕ್ಕನಿಗೆ ಈಗ ಐವತ್ತೊಂಬತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ದಿನಗೂಲಿಗೆ ಬಾಟಲಿ ತೊಳೆಯಲು ಬಂದವರು. ಆಗ ಇಲ್ಲಿದ್ದ ಹಿರಿಯ ತಂತ್ರಜ್ಞರೊಬ್ಬರು ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ಏನು ಕಾಣುತ್ತೆ ಹೇಳು, ಏನು ಅಂತ ಹೇಳ್ಬೇಡ" ಎನ್ನುತ್ತಿದ್ದರಂತೆ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಓದಿ ತಂತ್ರಜ್ಞೆಯ ಪರೀಕ್ಷೆ ಪಾಸು ಮಾಡಿದರು. ಮೊದಲ ಸಲ ಡುಮ್ಕಿ, ಎರಡನೇ ಸಲ ಪಾಸು. ಗಂಡ ಅಂಗಡಿಗಳ ಬೋರ್ಡು ಬರೆಯುವವರು. ಎಂಬತ್ತಾರರ ಅತ್ತೆ ಇವತ್ತಿಗೂ ನೆರೆಹೊರೆಯವರಿಗೆ, "ನಮ್ಮ ಸೊಸೆ ಆಸ್ಪತ್ರೇಲಿ ಗಾಜು ತೊಳೀತಾಳೆ" ಎಂದೇ ಪರಿಚಯಿಸುತ್ತಾರೆ.

"ಮೊದಮೊದಲು ತಿದ್ತಿದ್ದೆ. ಆಮೇಲೆ ಬಿಟ್ಟೆ. ಅವರು ಹೇಳೋದರಲ್ಲಿ ಸುಳ್ಳೇನಿದೆ, ಗಾಜು ತೊಳೀತೀನಿ ತಾನೆ?" ಎಂದು ಸ್ಲೈಡಕ್ಕ ನಗುತ್ತಾರೆ.

ದಿನಕ್ಕೆ ಎಂಬತ್ತು ಗಾಜು. ಡಾಕ್ಟರುಗಳಿಗಿಂತ ಮೊದಲು ಇವರು ನೋಡಿ, ಅನುಮಾನ ಬಂದಲ್ಲಿ ಚುಕ್ಕಿ ಇಡಬೇಕು. ಕನ್ನಡಕ ಐದು ಸಲ ಬದಲಾಗಿದೆ. ಕುತ್ತಿಗೆ ಬಲಕ್ಕೆ ಪೂರ್ತಿ ತಿರುಗುವುದಿಲ್ಲ; ಯಾರಾದರೂ ಆ ಕಡೆಯಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ಝೈಲೀನ್ ಎಂಬ ದ್ರಾವಕದ ವಾಸನೆ ಸೀರೆಗೆ, ಕೂದಲಿಗೆ, ತಿಂಡಿ ಡಬ್ಬಿಗೂ ಹತ್ತಿದೆ. ಅರ್ಧ ಗಂಟೆಯಲ್ಲಿ ನನಗೆ ತಲೆ ಸಿಡಿಯತೊಡಗಿತು, ಸುಳ್ಳೇಕೆ ಹೇಳಲಿ.

ಪರೀಕ್ಷೆಯ ಗಾಜುಗಳ ಕಷ್ಟ ಬೇರೆಯೇ ಇದೆ. "ಕೊಯ್ದು ತೆಗೆದ ತುಂಡಾದ್ರೆ ಎಷ್ಟು ಪದರ ಬೇಕಾದ್ರೂ ಮಾಡ್ಕೋಬಹುದು, ಹತ್ತು ಜನಕ್ಕೆ ಹತ್ತು ಗಾಜು. ಸೂಜೀಲಿ ಬರೋದು ಒಂದು ತೊಟ್ಟು. ಹರಡಿದ್ವಿ, ಮುಗೀತು. ಅದು ಒಡೆದ್ರೆ ಇನ್ನೊಂದಿಲ್ಲ." ಹಾಗಾಗಿ ಒಂದೇ ಗಾಜು ವರ್ಷವರ್ಷವೂ ಪೆಟ್ಟಿಗೆಗೆ ಬರುತ್ತದೆ. ಹಾಗಾಗಿಯೇ ಕಲಿಯುವವರಲ್ಲಿ ಗುಟ್ಟು ರಟ್ಟಾಗುತ್ತದೆ: ಇಂಥ ಗೀರು ಇದ್ದರೆ ಇಂಥ ರೋಗ, ಇಂಥ ಕಲೆ ಇದ್ದರೆ ಇಂಥ ರೋಗ. ಸ್ಲೈಡಕ್ಕ ನಂಬರ್ ಬದಲಿಸುತ್ತಾರೆ, ಮುಚ್ಚಳ ಬದಲಿಸುತ್ತಾರೆ, ಚುಕ್ಕಿ ಅಳಿಸುತ್ತಾರೆ. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ.

ಒರೆಸಿದ ಮೇಲೆ ಪ್ರತಿ ಗಾಜನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದು ನಿಮಿಷ ನೋಡಿ ಪೆಟ್ಟಿಗೆಗೆ ಸೇರಿಸುತ್ತಾರೆ. ಹದಿಮೂರು ಮುಗಿಯಿತು. ಹದಿನಾಲ್ಕನೆಯದನ್ನು ಎತ್ತಿಕೊಂಡಾಗ ಮುಖ ಅರಳಿತು. ಅದರ ಒಂದು ಮೂಲೆ ಚೂರು ಮುರಿದಿದೆ.

"ಇದು ನನ್ನ ಹಳೇ ನೆಂಟ. ಕುತ್ತಿಗೆ ಗಂಟಿನ ಕ್ಯಾನ್ಸರ್. ಹದಿನಾರು ವರ್ಷದ ಗಾಜು. ಮುಚ್ಚಳ ಸೀಳು ಬಿಟ್ಟಿತ್ತು ಅಂತ ಮೊನ್ನೆ ಹೊಸದು ಹಾಕಿದೆ."

ನನಗೆ ಪುರವಣಿಗೊಂದು ಫೋಟೋ ಬೇಕಿತ್ತು. "ಅಕ್ಕಾ, ಅದನ್ನೇ ಹಿಡ್ಕೊಂಡು ಹೀಗೆ ತಿರುಗಿ" ಎಂದೆ. ಇಡೀ ಮೈ ತಿರುಗಿಸಿ, ಗಾಜು ಹಿಡಿದು ನಕ್ಕರು. ಫೋಟೋ ಚೆನ್ನಾಗಿ ಬಂತು. ಗಾಜು ಪೆಟ್ಟಿಗೆಗೆ ಹೋಯಿತು. ಅವರು ಹದಿನೈದನೆಯದನ್ನು ಕೈಗೆತ್ತಿಕೊಂಡರು.

ಎಂಟು ಜನರಲ್ಲಿ ಒಬ್ಬರ ಬಗ್ಗೆ ಸ್ಲೈಡಕ್ಕನಿಗೆ ಚಿಂತೆ. ಉಳಿದವರು ಆಕೆಗೆ 'ಆಮೆ ಡಾಕ್ಟರು' ಎಂದು ಹೆಸರಿಟ್ಟಿದ್ದಾರೆ. ಮೂವತ್ತಾರು ವರ್ಷ, ಶಾಲೆಗೆ ಹೋಗುವ ಮಗಳಿದ್ದಾಳೆ. ಒಂದು ಗಾಜನ್ನು ಮೂಲೆಯಿಂದ ಮೂಲೆಗೆ ಪೂರ್ತಿ ನೋಡದೆ ಪೆನ್ನು ಹಿಡಿಯುವವರಲ್ಲ. ಮೊದಲ ಸಲ ಐದು ಗಾಜಿಗೆ ಉತ್ತರ ಬರೆಯಲು ಹೊತ್ತು ಸಾಲಲಿಲ್ಲ, ಎರಡನೇ ಸಲ ಮೂರಕ್ಕೆ. ಇದು ಮೂರನೆಯದು, ನಿಯಮದ ಪ್ರಕಾರ ಕೊನೆಯದು. ಇದೂ ಹೋದರೆ ಮೂರು ವರ್ಷದ ಕಲಿಕೆ ನೀರಿನಲ್ಲಿ ಹೋಮ.

"ನಿಧಾನ, ನಿಜ. ಆದ್ರೆ ಇಲ್ಲದ್ದನ್ನ ಬರೆಯೋರಲ್ಲ" ಎನ್ನುತ್ತಾರೆ ಸ್ಲೈಡಕ್ಕ.

ಒಂಬತ್ತಕ್ಕೆ ಗಂಟೆ ಬಾರಿಸುತ್ತದೆ. ಬಾಗಿಲ ಗಾಜಿನಿಂದ ನಾವಿಬ್ಬರೂ ಇಣುಕುತ್ತೇವೆ. ಎಂಟು ಬೆನ್ನುಗಳು ಬಾಗಿವೆ. ಮೂಲೆ ಮುರಿದ ಗಾಜಿನ ಮೇಜಿನಲ್ಲಿ ಒಬ್ಬರಾದ ಮೇಲೊಬ್ಬರು ಕೂತು, ಅರ್ಧ ನಿಮಿಷಕ್ಕೇ ಬರೆದು ಆರಾಮಾಗಿ ಕಾಲು ಚಾಚುತ್ತಾರೆ. ಆಮೆ ಡಾಕ್ಟರು ಮಾತ್ರ ನಾಲ್ಕು ನಿಮಿಷವೂ ಕಣ್ಣು ಎತ್ತುವುದಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಏನೋ ಗೀಚಿ ಏಳುತ್ತಾರೆ. ಆದರೂ ಈ ಸಲ ಇಪ್ಪತ್ತನ್ನೂ ಮುಗಿಸುತ್ತಾರೆ. ಸ್ಲೈಡಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದು ಬಿಟ್ಟಾಗಲೇ ಗೊತ್ತಾಯಿತು.

ಮಧ್ಯಾಹ್ನ ಎರಡಕ್ಕೆ ಅಂಕಗಳು ಸಿದ್ಧ. ಏಳು ಮಂದಿ ಪಾಸು. ಆಮೆ ಡಾಕ್ಟರಿಗೆ ಹದಿನೈದು.

ಫಲಕದ ಮೇಲೆ ಫಲಿತಾಂಶ ಹಾಕುವುದು ನಾಲ್ಕಕ್ಕೆ. ಅದಕ್ಕೂ ಮೊದಲು ಉತ್ತರ ಪತ್ರಿಕೆಗಳನ್ನು ಜೋಡಿಸಿ ಕಟ್ಟುವುದು ಸ್ಲೈಡಕ್ಕನ ಕೆಲಸ. ಜೋಡಿಸುತ್ತಾ ಆಮೆ ಡಾಕ್ಟರ ಪತ್ರಿಕೆಯಲ್ಲಿ ನಿಂತರು. ಹದಿನಾಲ್ಕನೇ ಗಾಜಿಗೆ ಏಳು ಜನ ಅದೇ ಮೂರು ಸಾಲು, ಅದೇ ಪದಗಳಲ್ಲಿ, ಗಿಣಿಪಾಠದಂತೆ ಕ್ಯಾನ್ಸರಿನ ವರ್ಣನೆ ಬರೆದಿದ್ದಾರೆ. ಆಮೆ ಡಾಕ್ಟರು ಬರೆದದ್ದು ಒಂದೇ ಸಾಲು: "ಹೇಳಲು ಸಾಕಷ್ಟು ಜೀವಕೋಶಗಳಿಲ್ಲ. ರೋಗಿಯನ್ನು ಮತ್ತೆ ಕರೆಸಿ ಮಾದರಿ ತೆಗೆಯಬೇಕು." ಮುಂದೆ ಕೆಂಪು ಸೊನ್ನೆ.

ಸ್ಲೈಡಕ್ಕ ಪೆಟ್ಟಿಗೆ ತೆರೆದು ಆ ಗಾಜನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಸಾಲು ಸಾಲಾಗಿ ಸರಿಸಿದರು. ನಾನು ಗಡಿಯಾರ ನೋಡಿದೆ; ಒಂಬತ್ತು ನಿಮಿಷ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲಿ ಏನೂ ಇಲ್ಲ ಮೇಡಂ. ಹಳೇ ಮುಚ್ಚಳ ಬಿಡಿಸೋಕೆ ಝೈಲೀನ್‌ನಲ್ಲಿ ನೆನೆಸಿದ್ದೆ. ಅದರ ಜೊತೆಗೇ ಜೀವಕೋಶ ಎಲ್ಲಾ ಎದ್ದು ಹೋಗಿದೆ. ಒಣಗಿದ ರಕ್ತದ ಕಲೆ ಉಳಿದಿದೆ ಅಷ್ಟೇ, ಬರಿಗಣ್ಣಿಗೆ ಮೊದಲಿನ ಹಾಗೇ ಕಾಣುತ್ತೆ. ಬಾಯಿಪಾಠ ಆಗಿರೋ ಗಾಜು, ಏನು ನೋಡೋದು ಅಂದ್ಕೊಂಡೆ. ಆ ಏಳು ಜನ ಮಾಡಿದ್ದನ್ನೇ ನಾನೂ ಮಾಡಿದೆ."

ಆ ಗಾಜು ಲೆನ್ಸಿನ ಕೆಳಗೆ ಹೋಗಬೇಕಾದ ಹೊತ್ತಿಗೆ ಫೋಟೋ ಎಂದು ತಿರುಗಿಸಿದವಳು ನಾನು. ಹೇಳಿದೆ. "ನೀವು ಫೋಟೋ ತೆಗೆಯೋಕೆ ಬಂದೋರು, ತೆಗೆದ್ರಿ. ನಾನು ನೋಡೋಕೆ ಇರೋಳು, ನೋಡ್ಲಿಲ್ಲ" ಎಂದರು. ಆಗ ನನ್ನ ಬಾಯಿಂದ, ಬರಬಾರದಿತ್ತು, ಬಂದೇ ಬಿಟ್ಟಿತು: "ಅಕ್ಕಾ, ಇದು ನಮ್ಮಿಬ್ಬರಿಗೇ ತಾನೆ ಗೊತ್ತು?" ಅವರು ಆಗಲೇ ಗಾಜನ್ನು ತಟ್ಟೆಯಲ್ಲಿಟ್ಟುಕೊಂಡು ಬಾಗಿಲ ಬಳಿ ಇದ್ದರು. ಇವರ ನಿವೃತ್ತಿಗೆ ಏಳು ತಿಂಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಆ ಕಾರಿಡಾರಿನಲ್ಲಿ ಅವರ ಹಿಂದೆ ಓಡುವಾಗ ನನಗೆ ಅರ್ಥವಾಯಿತು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಾರೆ. ಅವರು ಟೀ ಕುಡಿಯುತ್ತಿದ್ದರು.

"ಸರ್, ಹದಿನಾಲ್ಕು ಸರಿಯಿಲ್ಲ."

"ಹದಿನಾಲ್ಕಾ? ಅದು ನಮ್ಮ ಹಳೇ ಗಾಜಲ್ವೇನಮ್ಮ?"

"ಗಾಜು ಹಳೇದೇ ಸರ್. ಅದರಲ್ಲಿ ಜೀವಕೋಶ ಇಲ್ಲ. ಮುಚ್ಚಳ ಬದಲಿಸುವಾಗ ತೊಳೆದು ಹೋಗಿದೆ. ನಾನು ನೋಡದೇ ಪೆಟ್ಟಿಗೆಗೆ ಹಾಕಿದ್ದೀನಿ."

ದೊಡ್ಡ ಡಾಕ್ಟರು ತಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟೀ ಆರಿತು. "ಏಳು ಜನ ಬರೆದಿದ್ದಾರಲ್ಲಮ್ಮ!"

"ಬರೆದಿದ್ದಾರೆ ಸರ್. ಕಂಡು ಬರೆದಿಲ್ಲ."

ಅವರು ಹಣೆ ಒತ್ತಿಕೊಂಡರು. "ಅಂಕ ಕೊಡುವಾಗ ಸರಿಯುತ್ತರದ ಪಟ್ಟಿ ಒಂದೇ ನೋಡಿದೆ. ನಾನೂ ಒಂದ್ಸಲ ಇಣುಕಬೇಕಿತ್ತು" ಎಂದರು. ಆಮೇಲೆ ಮೆತ್ತಗೆ, "ಇದನ್ನ ಬರವಣಿಗೇಲಿ ಕೊಡ್ಬೇಕಾಗುತ್ತೆ. ನಿಮ್ಮ ಹೆಸರು ಬರುತ್ತೆ."

"ಬರ್ಲಿ ಸರ್. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು."

ನಾಲ್ಕಕ್ಕೆ ಹಾಕಬೇಕಿದ್ದ ಫಲಿತಾಂಶ ಆರಕ್ಕೆ ಬಂತು. ಹದಿನಾಲ್ಕಕ್ಕೆ ಸರಿಯುತ್ತರ ಒಂದೇ ಎಂದು ತೀರ್ಮಾನವಾಗಿತ್ತು. ಆಮೆ ಡಾಕ್ಟರಿಗೆ ಹದಿನಾರು. ಉಳಿದ ಏಳು ಜನರಿಗೆ ಒಂದೊಂದು ಅಂಕ ಹೋಗಿ, ಇಬ್ಬರು ಹದಿನೈದಕ್ಕಿಳಿದರು. ಅವರು ಆರು ತಿಂಗಳು ಬಿಟ್ಟು ಮತ್ತೆ ಬರೆಯಬೇಕು. ಅವರಲ್ಲೊಬ್ಬರು ಸ್ಲೈಡಕ್ಕನ ಮುಂದೆಯೇ, "ಇವರ ತಪ್ಪಿಗೆ ನಮಗೆ ಶಿಕ್ಷೆ" ಎಂದು ಹೇಳಿ ಹೋದರು. ಸ್ಲೈಡಕ್ಕ ತಲೆ ತಗ್ಗಿಸಿ ನಿಂತಿದ್ದರು. ನನಗೆ ಕೋಪ ಬಂತು, ಆದರೆ ಆ ಹುಡುಗನ ಮಾತಿನಲ್ಲೂ ಅರ್ಧ ನ್ಯಾಯವಿತ್ತು.

ಆಮೆ ಡಾಕ್ಟರು ಮೆಟ್ಟಿಲ ಮೇಲೆ ಕೂತಿದ್ದರು. ಸ್ಲೈಡಕ್ಕನನ್ನು ನೋಡಿ ಎದ್ದು ನಿಂತರು.

"ಅಕ್ಕಾ, ಅದರಲ್ಲಿ ಏನೂ ಕಾಣದೆ ಇದ್ದಾಗ ನನ್ನ ಕಣ್ಣೇ ಹೋಯ್ತೇನೋ ಅಂದ್ಕೊಂಡೆ. ಮೂಲೆ ಮುರಿದ ಗಾಜು ಅಂದ್ರೆ ಏನು ಅಂತ ನಂಗೂ ಗೊತ್ತಿತ್ತು. ಸೀನಿಯರ್‌ಗಳು ಮೊದಲನೇ ವರ್ಷವೇ ಹೇಳಿದ್ರು."

"ಮತ್ತೆ ಅದನ್ನೇ ಬರೀಬೇಕಿತ್ತಲ್ಲ ಡಾಕ್ಟ್ರೇ? ಕೊನೇ ಸಲ ಅಲ್ವಾ ನಿಮಗೆ?"

"ಪೆನ್ನು ಹಿಡಿದೆ ಅಕ್ಕಾ. ಕೈ ಬರಲಿಲ್ಲ. ನಾಳೆ ಯಾರದೋ ಗಂಟಿಗೂ ಹೀಗೇ ಬರೆದುಬಿಡ್ತೀನೇನೋ ಅಂತ ಭಯ ಆಯ್ತು."

ಸ್ಲೈಡಕ್ಕ ಆಕೆಯ ಕೆನ್ನೆ ಸವರಿದರು. ಇಬ್ಬರೂ ಅತ್ತರು, ಮೂರನೆಯವಳಾಗಿ ನಾನೂ.

ಮೂರು ವಾರ ಬಿಟ್ಟು ಮತ್ತೆ ಹೋದೆ. ಪೆಟ್ಟಿಗೆಯನ್ನು ಇವರಿಂದ ಕಿತ್ತುಕೊಂಡಿಲ್ಲ. ಇನ್ನು ಮುಂದೆ ಇವರು ನೋಡಿದ ಮೇಲೆ ಇಬ್ಬರು ಡಾಕ್ಟರುಗಳು ಪ್ರತಿ ಗಾಜನ್ನೂ ನೋಡಿ ಸಹಿ ಹಾಕಬೇಕು. ಸಹಿ ಹಾಕುವವರಲ್ಲಿ ಒಬ್ಬರು ಆಮೆ ಡಾಕ್ಟರು. ಸಿಟ್ಟಾಗಿದ್ದ ಹುಡುಗ ಇನ್ನೂ ಮಾತು ಬಿಟ್ಟಿದ್ದಾನೆ. ಸ್ಲೈಡಕ್ಕ ಪೆಟ್ಟಿಗೆಯ ಪುಸ್ತಕ ತೆಗೆದು ತೋರಿಸಿದರು. ಹತ್ತೊಂಬತ್ತು ವರ್ಷದ ಗಾಜುಗಳ ಲೆಕ್ಕ ದುಂಡನೆಯ ಅಕ್ಷರದಲ್ಲಿದೆ. ಹೊಸ ಪುಟದಲ್ಲಿ ಕೆಂಪು ಇಂಕಿನಲ್ಲಿ: "ಮುಚ್ಚಳ ಬದಲಿಸುವಾಗ ಜೀವಕೋಶ ತೊಳೆದು ಹೋಗಿದೆ. ನೋಡದೆ ಪೆಟ್ಟಿಗೆಗೆ ಹಾಕಿದವಳು ನಾನು." ಕೆಳಗೆ ಪೂರ್ತಿ ಹೆಸರು, ತಾರೀಖು. ಕಚೇರಿಯವರು ನಿವೃತ್ತಿಗೆ ಮೊದಲು ಪುಸ್ತಕವನ್ನು ನೀಟಾಗಿ ಟೈಪ್ ಮಾಡಿಸಿ, ಅದೊಂದು ಪುಟ ಬಿಟ್ಟುಬಿಡೋಣ, ಮರ್ಯಾದೆಯಾಗಿ ಹೋಗಿ ಎಂದರಂತೆ.

"ಒಳ್ಳೇ ಮನಸ್ಸಿಂದಲೇ ಹೇಳಿದ್ರು ಪಾಪ. ಬೇಡ ಅಂದೆ" ಎಂದರು.

ಹೊರಡುವ ಮುನ್ನ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಇವರನ್ನೂ ಕೇಳಿದೆ: ಇನ್ನೇನು ಆಸೆ ಇದೆ ಅಕ್ಕಾ?

"ಆ ಪುಟ ಯಾರೂ ಹರೀದೇ ಇದ್ರೆ ಸಾಕು ಮೇಡಂ. ನನ್ನ ಜಾಗಕ್ಕೆ ಬರೋರು ಮೊದಲ ದಿನ ಅದನ್ನೇ ಓದ್ಲಿ. ಓದಿದ ಮೇಲೂ ನೋಡದೇ ಪೆಟ್ಟಿಗೆ ಕಟ್ಟಿದ್ರೆ ನಂಗೊಂದು ಫೋನ್ ಮಾಡ್ಲಿ, ಮನೆಯಿಂದ ಬಂದು ಬೈದು ಹೋಗ್ತೀನಿ."