ನೆರಳು ಮನೆಗೆ ಹೋದ ಮಧ್ಯಾಹ್ನ

ಅಪ್ಪನ ಧ್ವನಿಯಲ್ಲಿ ನನಗೆ ನೆನಪಿದ್ದದ್ದು ಒಂದೇ ಒಂದು ವಾಕ್ಯ. ಅವರು ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವರ ಮುಖ ಫೋಟೊಗಳಲ್ಲಿ ಸಿಗುತ್ತದೆ, ಕೈಬರಹ ಹಳೆಯ ಪುಸ್ತಕಗಳ ಮೊದಲ ಪುಟದಲ್ಲಿ ಸಿಗುತ್ತದೆ. ಧ್ವನಿ ಮಾತ್ರ ಎಲ್ಲಿಯೂ ಉಳಿದಿಲ್ಲ. ನಮ್ಮ ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಹಾಗಾಗಿ ಆ ವಾಕ್ಯವನ್ನು ನಾನು ಆಗಾಗ ತೆಗೆದು ನೋಡುತ್ತಿದ್ದೆ, ಇನ್ನೂ ಇದೆಯೇ ಎಂದು.

ದೃಶ್ಯ ಹೀಗಿತ್ತು. ಮೈಸೂರಿನ ನಮ್ಮ ವಠಾರದ ಕಲ್ಲು ಹಾಸಿದ ಅಂಗಳ. ದಸರಾ ರಜೆ. ಅಪ್ಪ ಅಂಗಳದ ನಡುವೆ ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡಿದ್ದಾರೆ. ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೇನೆ. ಎಲ್ಲೋ ಬೇವಿನ ಮರ ಇರಬೇಕು, ಅದರ ಕಹಿ ವಾಸನೆ. ಒನಕೆಯ ನೆರಳು ಕುಗ್ಗುತ್ತ ಕುಗ್ಗುತ್ತ ಬುಡಕ್ಕೆ ಬಂದು ಇಲ್ಲವಾಗುತ್ತದೆ. ಅಪ್ಪ ಹೇಳುತ್ತಾರೆ: "ನೆರಳು ಮನೆಗೆ ಹೋಯ್ತು ನೋಡು."

ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಸಂದರ್ಭ ಬಂದದ್ದು ಜಪಾನಿನಲ್ಲಿ ನಾವಿರುವ ಊರು ಕಾಶಿವಾದಲ್ಲಿ, ಮಗಳು ಐದನೇ ತರಗತಿಯಲ್ಲಿದ್ದ ಬೇಸಿಗೆಯಲ್ಲಿ.

ಇಲ್ಲಿ ಬೇಸಿಗೆ ರಜೆ ಎಂದರೆ ಮಕ್ಕಳಿಗೆ ಪೂರ್ತಿ ರಜೆಯಲ್ಲ. ಜುಲೈ ಕೊನೆಯಲ್ಲಿ ಅವರು ಶಾಲೆಯಿಂದ ಬರುವಾಗ ಚೀಲದ ತುಂಬ ಕೆಲಸ ಹೊತ್ತು ತರುತ್ತಾರೆ. ಲೆಕ್ಕದ ಹಾಳೆಗಳು, ಕಾಂಜಿ ಅಕ್ಷರಗಳನ್ನು ತಿದ್ದುವುದು, ಓದಿದ ಪುಸ್ತಕದ ಮೇಲೊಂದು ಪ್ರಬಂಧ, ಮನೆಯವರಿಗೆ ಒಂದು ದಿನ ಅಡುಗೆ ಮಾಡಿ ಬಡಿಸುವುದು. ಮಗಳು ಅನ್ನ ಮತ್ತು ಮಿಸೊ ಸೂಪು ಮಾಡಿದಳು. ನನ್ನ ಹೆಂಡತಿ ಅದಕ್ಕೆ ಒಗ್ಗರಣೆ ಹಾಕಲು ಹೋಗಿ ಬೈಸಿಕೊಂಡಳು. ಇವೆಲ್ಲಕ್ಕಿಂತ ದೊಡ್ಡ ಕೆಲಸ ಜಿಯೂ ಕೆನ್‌ಕ್ಯೂ, ಅಂದರೆ ಸ್ವಂತ ಸಂಶೋಧನೆ. ಮಗು ತಾನೇ ಒಂದು ಪ್ರಶ್ನೆ ಆರಿಸಿಕೊಂಡು, ಮನೆಯಲ್ಲಿ ಇರುವ ಸಾಮಾನಿನಿಂದಲೇ ಅದಕ್ಕೆ ಉತ್ತರ ಹುಡುಕಿ, ದೊಡ್ಡ ಹಾಳೆಯ ಮೇಲೆ ಬರೆದು ರಜೆ ಮುಗಿದ ಮೇಲೆ ಒಯ್ಯಬೇಕು. ಅವಳ ಸೆನ್ಸೇ, ಅಂದರೆ ಟೀಚರು, ಹಾಳೆಯಲ್ಲಿ ಮೂರು ಭಾಗ ಇರಲಿ ಎಂದಿದ್ದರಂತೆ: ನೋಡಿದ್ದು, ಕೇಳಿದ್ದು, ಯೋಚಿಸಿದ್ದು. ಒಂದನ್ನು ಇನ್ನೊಂದರಲ್ಲಿ ಬೆರೆಸಬಾರದು.

ಮಗಳು ನೆರಳನ್ನು ಆರಿಸಿಕೊಂಡಳು. ಯಾವ ಹೊತ್ತಿಗೆ ನೆರಳು ಅತಿ ಗಿಡ್ಡ? ನಾನು ಊಟ ಮಾಡುತ್ತ, ಯೋಚಿಸದೆ, ಹನ್ನೆರಡು ಗಂಟೆಗೆ ಎಂದೆ. ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆರಳೇ ಇರುವುದಿಲ್ಲ ಎಂದೆ. ಜೊತೆಗೆ ಒನಕೆಯ ಕತೆಯನ್ನೂ ಹೇಳಿಬಿಟ್ಟೆ. ಅವಳಿಗೆ ಅದು ತುಂಬ ಹಿಡಿಸಿತು. ತನಗಿಂತಲೂ ಚಿಕ್ಕ ವಯಸ್ಸಿನ ಅಪ್ಪ, ತಾನು ಕಂಡಿರದ ಅಜ್ಜ, ಇಬ್ಬರೂ ತಾನು ಮಾಡಹೊರಟ ಕೆಲಸವನ್ನೇ ಮಾಡಿದ್ದರು ಎಂಬುದು.

ನಮ್ಮ ಬಾಲ್ಕನಿ ದಕ್ಷಿಣಕ್ಕಿದ್ದರೂ ಬೇಸಿಗೆಯ ನಡುಹಗಲಿನ ಬಿಸಿಲು ಅಲ್ಲಿಗೆ ಬರುವುದಿಲ್ಲ, ಮೇಲಿನ ಮನೆಯ ಬಾಲ್ಕನಿ ಅಡ್ಡ. ಕೆಳಗಿನ ಪಾರ್ಕಿಗೆ ಹೋದೆವು. ಒಂದನೇ ತರಗತಿಯಲ್ಲಿ ಶಾಲೆಯವರು ಕೊಟ್ಟಿದ್ದ ಹೂಬಳ್ಳಿಯ ಕುಂಡ ಇನ್ನೂ ನಮ್ಮಲ್ಲಿತ್ತು. ಬಳ್ಳಿ ಹಬ್ಬಿಸಲು ಅದಕ್ಕೆ ಸಿಕ್ಕಿಸಿದ್ದ ಹಸಿರು ಕೋಲನ್ನು ಕಿತ್ತುಕೊಂಡು ಬಂದು ನೆಟ್ಟಳು. ಜೀರುಂಡೆಗಳ ಕಿರುಚಾಟದಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಅವಳು ಸ್ವಲ್ಪ ಸ್ವಲ್ಪ ಹೊತ್ತಿಗೆ ನೆರಳಿನ ತುದಿಗೆ ಒಂದು ಕಲ್ಲು ಇಡುತ್ತ ಹೋದಳು. ನಾನು ಪಾರ್ಕನ್ನು ಸುತ್ತು ಹಾಕಿದೆ, ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ತಣ್ಣನೆಯ ಟೀ ತಂದೆ, ಮತ್ತೆ ಸುತ್ತು ಹಾಕಿದೆ. ಕೂತಲ್ಲಿ ಕೂರುವುದು ನನಗೆ ಎಂದೂ ಆಗಿಲ್ಲ.

ಹನ್ನೆರಡಕ್ಕೆ ನೆರಳು ಅಲ್ಲೇ ಇತ್ತು. ಅಷ್ಟೇ ಅಲ್ಲ, ಆಗಲೇ ಮತ್ತೆ ಉದ್ದವಾಗತೊಡಗಿತ್ತು. ಅತಿ ಗಿಡ್ಡವಾಗಿದ್ದದ್ದು ಅದಕ್ಕೂ ಕಾಲು ಗಂಟೆ ಮೊದಲು, ಆಗಲೂ ಅದು ನನ್ನ ಪಾದಕ್ಕಿಂತ ಉದ್ದವಿತ್ತು.

"ಬಟ್ ಅಪ್ಪಾ," ಎಂದಳು ಮಗಳು, "ನೀನು ಮಾಯ ಆಗುತ್ತೆ ಅಂದೆ."

ಮನೆಗೆ ಬಂದಾಗ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಡಾಕ್ಟ್ರೇ, ಸೂರ್ಯ ನೆತ್ತಿ ಮೇಲೆ ಬರಲ್ಲ ಅಂತ ಗೊತ್ತಾಯ್ತಲ್ಲ. ಆದ್ರೂ ನೆತ್ತಿ ಹೇಗೆ ಸುಟ್ಕೊಂಡ್ರಿ? ಟೋಪಿ ಹಾಕ್ಕೊಳ್ಳೋದನ್ನ ಯಾವ ಯೂನಿವರ್ಸಿಟೀಲೂ ಹೇಳ್ಕೊಡಲ್ವಾ?"

ನಾನು ಇಲ್ಲಿಯ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಲೋಹಗಳ ಮೇಲೆ ಕೆಲಸ ಮಾಡುವವನು. ಭೂಮಿ ಓರೆಯಾಗಿದೆ, ಕಾಶಿವಾ ಮೈಸೂರಿಗಿಂತ ಎಷ್ಟೋ ಉತ್ತರಕ್ಕಿದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕೇಳಿದಾಗ ಬಾಯಿಗೆ ಬಂದದ್ದು ಗೊತ್ತಿದ್ದದ್ದಲ್ಲ, ಹುಟ್ಟಿದ ಊರಿನ ಬಿಸಿಲು.

ಅಂದು ಸಂಜೆ ಮೇಜಿನ ಮೇಲೆ ಒಂದು ಕಿತ್ತಳೆ, ಎರಡು ಟೂತ್‌ಪಿಕ್, ಟಾರ್ಚು ಇಟ್ಟುಕೊಂಡು ಕೂತೆವು. ಒಂದು ಕಡ್ಡಿ ಮೈಸೂರು, ಒಂದು ಕಾಶಿವಾ. ಕಿತ್ತಳೆಯನ್ನು ಹೇಗೆ ಓರೆ ಮಾಡಿದರೂ ಕಾಶಿವಾದ ಕಡ್ಡಿಯ ನೆರಳು ಪೂರ್ತಿ ಹೋಗಲಿಲ್ಲ. ಮೈಸೂರಿನದು ಹೋಯಿತು, ಆದರೆ ವರ್ಷಕ್ಕೆ ಎರಡು ಸಲ ಮಾತ್ರ: ಲೆಕ್ಕ ಹಾಕಿದರೆ ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೇ ವಾರದ ಸುಮಾರಿಗೆ ಮತ್ತೊಮ್ಮೆ. ಮಗಳು ಕೇಳಿದಳು.

"ದಸರಾ ಅಕ್ಟೋಬರ್ ಅಲ್ವಾ?"

ಹೌದು ಎಂದೆ.

"ಹಾಗಾದ್ರೆ ನೀನು ನೋಡಿದ್ದು ಇಂಪಾಸಿಬಲ್."

ಬಹುಶಃ ಬೇಸಿಗೆ ರಜೆ ಇದ್ದಿರಬೇಕು, ಏಪ್ರಿಲ್ ಇದ್ದಿರಬೇಕು ಎಂದೆ. ಅವಳು ಪೆನ್ಸಿಲ್ ಎತ್ತಿಕೊಂಡು, 'ನೋಡಿದ್ದು' ಭಾಗದಲ್ಲಿ ಬಹುಶಃ ಎಂದು ಬರೆಯಬಹುದೇ ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ.

ನೆನಪು ಎಂಬುದು ಎಲ್ಲೋ ಭದ್ರವಾಗಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಓದಿದ್ದೇನೆ, ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳ ಮುಂದೆ ವಾದಿಸಿಯೂ ಇದ್ದೇನೆ. ಬೇರೆಯವರ ನೆನಪಿನ ಬಗ್ಗೆ ಹಾಗೆ ಹೇಳುವುದು ಸುಲಭ. ಅಪ್ಪನ ವಿಷಯದಲ್ಲಿ ನನ್ನ ಹತ್ತಿರ ಇದ್ದ ಮಾದರಿ ಒಂದೇ. ನಮ್ಮ ಲ್ಯಾಬಿನಲ್ಲಿ ಲೋಹದ ತುಂಡನ್ನು ಮುರಿಯುವ ತನಕ ಎಳೆದು ನೋಡುವ ಪರೀಕ್ಷೆಯೊಂದಿದೆ. ಅದಾದ ಮೇಲೆ ಬಲ ಎಷ್ಟಿತ್ತು ಎಂಬುದು ತಿಳಿಯುತ್ತದೆ, ತುಂಡು ಉಳಿಯುವುದಿಲ್ಲ. ಅಕ್ಕನಿಗೆ ಫೋನ್ ಮಾಡಲು ಕೆಲವು ದಿನ ತಡ ಮಾಡಿದೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೈಸೂರಿನಲ್ಲೇ ಇದ್ದಾಳೆ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ನಾನು ಕತೆ ಹೇಳಿ ಮುಗಿಸುವ ಮೊದಲೇ ತಡೆದಳು.

"ಏಪ್ರಿಲ್‌ನಲ್ಲಿ ಕಣೋ. ಆ ಒನಕೆ ನಮ್ಮದಲ್ಲ, ಪಕ್ಕದ ಮನೆಯವರದು. ಗ್ರಹಣದ ದಿನ ತಟ್ಟೇಲಿ ನಿಲ್ಲಿಸ್ತಿದ್ರಲ್ಲ, ಅದೇ. ಆದ್ರೆ ನೀನೆಲ್ಲಿದ್ದೆ ಅಲ್ಲಿ? ನಿಂಗೆ ಮೈತುಂಬ ಅಮ್ಮ ಎದ್ದಿತ್ತು. ಒಳಗೆ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ರು. ಅಪ್ಪನ ಜೊತೆ ಅಂಗಳದಲ್ಲಿ ಇದ್ದಿದ್ದು ನಾನು. ಆಮೇಲೆ ಬಂದು ನಿಂಗೆ ಎಲ್ಲಾ ಹೇಳಿದೆ."

ಅಂಗಳದಲ್ಲಿ ಬೇವಿನ ಮರ ಇತ್ತಲ್ಲ ಎಂದೆ.

"ಯಾವ ಮರ? ಅಲ್ಲಿ ಒಂದು ತುಳಸಿ ಗಿಡ ಬಿಟ್ರೆ ಏನೂ ಇರ್ಲಿಲ್ಲ."

ಸೀತಾಳೆ ಸಿಡುಬು ಬಂದಿದ್ದು ನನಗೂ ನೆನಪಿತ್ತು, ಆದರೆ ಅದನ್ನು ಬೇರೆ ಯಾವುದೋ ವರ್ಷದಲ್ಲಿ ಇಟ್ಟಿದ್ದೆ. ಸೊಪ್ಪಿನ ವಾಸನೆ ಮಾತ್ರ ಹಾಸಿಗೆಯಿಂದ ಎದ್ದು ಹೋಗಿ ಅಂಗಳದಲ್ಲಿ ಮರವಾಗಿತ್ತು. ಅಕ್ಕನ ನೆನಪೂ ನನ್ನದರಂತೆಯೇ ಕಟ್ಟಿದ್ದಿರಬಹುದು ಎಂದು ಒಂದು ಕ್ಷಣ ವಾದ ಹೂಡಿಕೊಂಡೆ. ಆದರೆ ಅವಳ ಹೇಳಿಕೆಯಲ್ಲಿ ತಿಂಗಳು ಸರಿಯಿತ್ತು, ವಾಸನೆಗೂ ಕಾರಣ ಸಿಗುತ್ತಿತ್ತು. ನನ್ನದರಲ್ಲಿ ಎರಡೂ ಇರಲಿಲ್ಲ. ಇಂಥ ಕಡೆ ಯಾವುದನ್ನು ಕೈಬಿಡಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ಮಗಳಿಗೆ ಹೇಳಿದೆ. ಅವಳು ಬೇಸರಪಟ್ಟುಕೊಳ್ಳಲಿಲ್ಲ. ಅಪ್ಪನ ಒನಕೆಯ ಕತೆಯನ್ನು 'ನೋಡಿದ್ದು' ಭಾಗದಿಂದ ಅಳಿಸಿ 'ಕೇಳಿದ್ದು' ಭಾಗಕ್ಕೆ ಸಾಗಿಸಿದಳು. ಆಮೇಲೆ, ಮೈಸೂರಿನ ಆ ಆಗಸ್ಟ್ ದಿನ ಇನ್ನೂ ಬಂದಿಲ್ಲವಲ್ಲ, ಅತ್ತೆ ಮತ್ತೊಮ್ಮೆ ನೋಡಿ ತೋರಿಸಬಹುದಲ್ಲ ಎಂದಳು. ಅದು ನನಗೆ ಹೊಳೆದಿರಲಿಲ್ಲ. ನಾನು ಹಿಂದಕ್ಕೆ ಮಾತ್ರ ನೋಡುತ್ತಿದ್ದೆ.

ಆಗಸ್ಟ್ ಮೂರನೇ ವಾರದ ಶನಿವಾರ, ಶಾಲೆ ಮುಗಿಸಿ ಬಂದ ಅಕ್ಕ ಸೀರೆಯಲ್ಲೇ ತಾರಸಿ ಹತ್ತಿದಳು. ಈಗ ಅವರ ಮನೆಯಲ್ಲಿ ಒನಕೆ ಇಲ್ಲ. ಚಪಾತಿ ಲಟ್ಟಣಿಗೆಯನ್ನು ಒಂದು ತಟ್ಟೆಯ ನಡುವೆ ನಿಲ್ಲಿಸಿ, ಬುಡಕ್ಕೆ ಹಿಟ್ಟಿನ ಮುದ್ದೆ ಮೆತ್ತಿದ್ದಳು. ಅಲ್ಲಿಯ ನಡುಹಗಲು ನಮಗೆ ಇಳಿಹೊತ್ತು. ಮಗಳು ಮೇಜಿನ ಮುಂದೆ ಫೋನನ್ನು ಒರಗಿಸಿಟ್ಟು ಪೆನ್ಸಿಲ್ ಹಿಡಿದು ಕೂತಿದ್ದಳು. ಮೈಸೂರಿನಲ್ಲಿ ಮೋಡ ಮುಚ್ಚಿತ್ತು.

"ಪುಟ್ಟಾ, ನೆರಳೇ ಇಲ್ಲ ನೋಡು," ಎಂದಳು ಅಕ್ಕ. "ಬರ್ಕೋ, ಮಾಯ ಆಯ್ತು ಅಂತ. ನಂಗೆ ಹಸಿವಾಗ್ತಿದೆ."

"ಅತ್ತೆ, ದಟ್ಸ್ ಕ್ಲೌಡ್. ಅದು ಕೌಂಟ್ ಆಗಲ್ಲ."

"ನಿಮ್ಮಪ್ಪನಿಗಿಂತ ಸ್ಟ್ರಿಕ್ಟು ನೀನು."

ಭಾನುವಾರ ಮತ್ತೆ ಹತ್ತಿದಳು. ಮೋಡ ಅಲ್ಲಲ್ಲಿ ಒಡೆದಿತ್ತು. ಬಿಸಿಲು ಬರುತ್ತಿತ್ತು, ಹೋಗುತ್ತಿತ್ತು. ಬಂದಾಗಲೆಲ್ಲ ಲಟ್ಟಣಿಗೆಯ ಪಕ್ಕ ಒಂದು ಗಿಡ್ಡ ನೆರಳು, ಪ್ರತಿ ಸಲವೂ ಹಿಂದಿನದಕ್ಕಿಂತ ಗಿಡ್ಡ. ಆಮೇಲೆ ಬಹಳ ಹೊತ್ತು ಮೋಡ. ಮಗಳು ಉಗುರು ಕಚ್ಚುತ್ತಿದ್ದಳು. ನಾನು ಹೊಸ್ತಿಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹೊಸ್ತಿಲಿಗೆ ಓಡಾಡುತ್ತಿದ್ದೆ. ಮತ್ತೆ ಬೆಳಕು ಬಿದ್ದಾಗ ತಟ್ಟೆ ಮಿಂಚಿತು. ಲಟ್ಟಣಿಗೆಯ ಸುತ್ತ ಏನೂ ಇರಲಿಲ್ಲ. ಅಕ್ಕ ಫೋನನ್ನು ಹತ್ತಿರ ತಂದು ಸುತ್ತ ತಿರುಗಿಸಿ ತೋರಿಸಿದಳು. ಯಾವ ಕಡೆಯೂ ಇರಲಿಲ್ಲ.

ಮಗಳು ಜಪಾನಿಯಲ್ಲಿ ಏನೋ ಗೊಣಗಿಕೊಂಡು ಗಂಟೆ ಬರೆದುಕೊಂಡಳು. ನಾನು ನಿಂತೆ. ನಿಂತವನು, ಇಷ್ಟು ದಿನ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದೆ. ಅವತ್ತು ಅಪ್ಪ, ನೆರಳು ಮನೆಗೆ ಹೋಯ್ತು ನೋಡು ಎಂದರಲ್ಲ, ಅದಾದರೂ ನಿಜವೇ?

ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಫೋನನ್ನು ತನ್ನ ಕಡೆಗೆ ತಿರುಗಿಸಿದಳು.

"ಅದು ಅಪ್ಪ ಹೇಳಿದ್ದಲ್ಲ. ನಾನು ಒಳಗೆ ಬಂದು ನೆರಳು ಇಲ್ಲವೇ ಇಲ್ಲ ಅಂದಾಗ ನೀನು ಮಲಗಿದ್ದಲ್ಲಿಂದ ಕೇಳಿದೆ, ಮನೆಗೆ ಹೋಯ್ತಾ ಅಂತ."

ನಾನು ಫೋನಿನ ಹತ್ತಿರಕ್ಕೆ ಬಗ್ಗಿದೆ.

"ಅಪ್ಪ ಬಾಗಿಲಲ್ಲೇ ನಿಂತಿದ್ರು," ಎಂದಳು. "ಅವರಿಗೆ ಎಷ್ಟು ನಗು. ಆಮೇಲೆ ಅವರು ಬರೋರಿಗೆಲ್ಲ ಅದನ್ನೇ ಹೇಳೋರು. ಮಧ್ಯಾಹ್ನ ಊಟಕ್ಕೆ ಬಂದ್ರೆ ಸಾಕು, ನೆರಳು ಮನೆಗೆ ಹೋಯ್ತು ನೋಡು ಅಂತ ನಿನ್ನನ್ನ ರೇಗಿಸೋರು. ನಿಂಗೆ ಸಿಟ್ಟು ಬರೋದು. ಸರಿ, ಕೆಳಗೆ ಹೋಗ್ತೀನಿ, ಕಾಲು ಸುಡ್ತಿದೆ."

ಹಾಗಾದರೆ ಧ್ವನಿ ಅಪ್ಪನದೇ, ಮಾತು ನನ್ನದು, ಕಣ್ಣು ಅಕ್ಕನದು. ಇದನ್ನು ಯಾವ ಭಾಗದಲ್ಲಿ ಬರೆಯುವುದು ಎಂಬುದೇ ಆಮೇಲಿನ ಚರ್ಚೆಯಾಯಿತು. ಮಗಳಿಗೆ ಆ ವಾಕ್ಯ ಹಾಳೆಯ ಮೇಲೆ ಬೇಕಿತ್ತು. ಆದರೆ ಕೇಳಿದ್ದಾದರೆ ಯಾರಿಂದ ಎಂದು ಹೇಳಬೇಕು, ಅದು ಸೆನ್ಸೇಯ ನಿಯಮ.

"ನಿಂದಾ, ಅಜ್ಜಂದಾ?"

ಇಬ್ಬರದೂ ಎಂದು ಬರಿ ಎಂದೆ. ಅವಳು ಒಪ್ಪಲಿಲ್ಲ. ಸ್ವಲ್ಪ ಯೋಚಿಸಿ, ನಿನಗೆ ನೆನಪಿರುವುದು ತಪ್ಪು, ಅಜ್ಜನನ್ನು ಕೇಳಲಾಗುವುದಿಲ್ಲ, ನನಗೆ ಹೇಳಿದ್ದು ಅತ್ತೆ, ಆದ್ದರಿಂದ ಅತ್ತೆ ಎಂದಳು. ನಾನು ಅವಳ ಜಾಗದಲ್ಲಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡಿದಳು. ಆ ಸಂಜೆ ಡಾಕ್ಟ್ರೇ ಎನ್ನಲಿಲ್ಲ, ಕಾಫಿ ಮಾಡಿ ತಂದಿಟ್ಟಳು.

ಸೆಪ್ಟೆಂಬರಿನಲ್ಲಿ ಮಕ್ಕಳ ಕೆಲಸಗಳನ್ನೆಲ್ಲ ಶಾಲೆಯ ಕಾರಿಡಾರಿನ ಗೋಡೆಗೆ ತೂಗುಹಾಕಿದ್ದರು, ತಂದೆತಾಯಿಗಳು ಬಂದು ನೋಡಲೆಂದು. ಉಪ್ಪಿನ ಹರಳು ಬೆಳೆಸಿದವರು, ಮನೆಯ ಬೆಕ್ಕು ದಿನಕ್ಕೆ ಎಷ್ಟು ಹೊತ್ತು ಮಲಗುತ್ತದೆ ಎಂದು ನೋಡಿದವರು ಇದ್ದರು. ನಮ್ಮ ಹಾಳೆಯಲ್ಲಿ ಎರಡು ಊರುಗಳ ಎರಡು ಚಿತ್ರಗಳಿದ್ದವು, ಒಂದರಲ್ಲಿ ಹಸಿರು ಕೋಲು, ಒಂದರಲ್ಲಿ ಲಟ್ಟಣಿಗೆ. 'ಕೇಳಿದ್ದು' ಎಂಬ ಭಾಗದಲ್ಲಿ ಆ ವಾಕ್ಯ ಜಪಾನಿಯಲ್ಲಿತ್ತು, ಕೆಳಗೆ ಅತ್ತೆಯಿಂದ ಎಂದಿತ್ತು. ನಾನು ನಿಧಾನಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ. ಸೆನ್ಸೇ ಅಂಟಿಸಿದ್ದ ಹಳದಿ ಚೀಟಿಯಲ್ಲಿ ಒಂದೇ ಪ್ರಶ್ನೆ ಇತ್ತು: ಡಿಸೆಂಬರಿನಲ್ಲಿ ಪಾರ್ಕಿನ ನೆರಳು ಎಷ್ಟು ಉದ್ದವಾದೀತು?

ಕೋಲು ಮತ್ತೆ ಬಾಲ್ಕನಿಯ ಕುಂಡಕ್ಕೆ ಹೋಗಿದೆ, ಡಿಸೆಂಬರಿಗೆ ಬೇಕಾಗುತ್ತದೆಂದು.

ಈಗಲೂ ನಾನು ಆ ಅಂಗಳವನ್ನು ತೆಗೆದು ನೋಡುತ್ತೇನೆ. ಕಲ್ಲುಹಾಸು ಇದೆ. ಬೇವಿನ ಮರ ಇಲ್ಲವೆಂದು ಗೊತ್ತಿದ್ದರೂ ವಾಸನೆ ಇದೆ. ಒನಕೆಯ ಜಾಗದಲ್ಲಿ ಕೆಲವೊಮ್ಮೆ ತಟ್ಟೆಯೊಂದು ಮಿಂಚುತ್ತದೆ, ಅದರ ನಡುವೆ ಲಟ್ಟಣಿಗೆ. ಅಪ್ಪ ಅಂಗಳದಲ್ಲಿ ಇರುವುದಿಲ್ಲ. ಬಾಗಿಲಲ್ಲಿ ನಿಂತಿರುತ್ತಾರೆ, ಬೆಳಕಿಗೆ ಬೆನ್ನು ಮಾಡಿ, ಒಳಗೆ ಮಲಗಿರುವವನ ಕಡೆಗೆ ನೋಡುತ್ತ.